ಯೂಕಾನ್ ನದಿಯಲ್ಲಿ ಎಂಟು ದಿನ

ನದಿಗಳನ್ನು ನಾವು ಬಾಲ್ಯದಿಂದಲೂ ದಂಡೆಯ ಮೇಲೆ ನಿಂತು ಕಂಡವರು. ಕೂಡಲಸಂಗಮದಲ್ಲಿ ಮಿಂದಿದ್ದೇವೆ, ಮಠದಲ್ಲಿ ವ್ಯಾಸಂಗ ಮಾಡುತ್ತಿದ್ದ ದಿನಗಳಲ್ಲಿ ಹರಿಗೋಲಿನಲ್ಲಿ ಕುಳಿತು ಕೃಷ್ಣೆಯನ್ನು ದಾಟಿದ್ದೇವೆ. ಆದರೆ ಒಂದು ನದಿಯ ಮೇಲೆಯೇ ಎಂಟು ದಿನ ಕಳೆದು, ಅದರ ನೀರನ್ನೇ ಕುದಿಸಿ ಕುಡಿದು, ಅದರ ಮರಳುದಿಣ್ಣೆಗಳ ಮೇಲೆಯೇ ಮಲಗಿ, ಅದು ಕರೆದೊಯ್ದತ್ತ ಸಾಗುವ ಯೋಗವು ಅರವತ್ತು ದಾಟಿದ ಮೇಲೆ ನಮಗೆ ಒದಗಿತು. ಅದೂ ಕೃಷ್ಣೆ-ಮಲಪ್ರಭೆಯರ ನಾಡಿನಲ್ಲಲ್ಲ. ಉತ್ತರ ಧ್ರುವವೃತ್ತಕ್ಕೆ ಸಮೀಪವಾದ, ಕೆನಡಾ ದೇಶದ ಯೂಕಾನ್ ಪ್ರದೇಶದಲ್ಲಿ.

೨೦೨೫ರ ಜುಲೈ ತಿಂಗಳಿನಲ್ಲಿ ಕ್ಯಾಲ್ಗರಿ ನಗರದ ಒಂದು ಶರಣ ಕುಟುಂಬದವರು ನಮ್ಮನ್ನು ಪ್ರವಚನಕ್ಕಾಗಿ ಬರಮಾಡಿಕೊಂಡಿದ್ದರು. ಬಾಗಲಕೋಟೆಯ ಕಡೆಯವರು, ಗಂಡ-ಹೆಂಡತಿ ಇಬ್ಬರೂ ಇಂಜಿನಿಯರರು, ಹದಿನಾಲ್ಕು ವರ್ಷದ ಒಬ್ಬ ಮಗ. ಪ್ರವಚನ ಮುಗಿದ ಮೇಲೆ ತಮ್ಮ ರಜೆಯ ಪ್ರವಾಸಕ್ಕೆ ನಾವೂ ಜೊತೆಗೂಡಬೇಕೆಂದು ಹಟ ಹಿಡಿದರು. ದೋಣಿಯ ಪ್ರವಾಸವೆಂದಾಗ ನಮ್ಮ ಕಣ್ಣಿಗೆ ಕಟ್ಟಿದ್ದು ಕೆರೆಯ ಮೇಲಿನ ಒಂದು ಗಂಟೆಯ ವಿಹಾರ. ಯೂಕಾನಿನ ರಾಜಧಾನಿ ವೈಟ್‌ಹಾರ್ಸಿಗೆ ವಿಮಾನದಲ್ಲಿಳಿದು, ಅಲ್ಲಿಂದ ರಸ್ತೆಯ ಮೇಲೆ ಎರಡೂವರೆ ಗಂಟೆ ಸಾಗಿ ಕಾರ್ಮ್ಯಾಕ್ಸ್ ಎಂಬ ಸಣ್ಣ ಊರಿನ ದಡದಲ್ಲಿ ನಿಂತಾಗಲೇ ನಿಜ ತಿಳಿದದ್ದು. ಅಲ್ಲಿಂದ ಡಾಸನ್ ನಗರದವರೆಗೆ ಸುಮಾರು ೪೦೦ ಕಿಲೋಮೀಟರ್ ದೂರವನ್ನು ನಾವೇ ಹುಟ್ಟು ಹಾಕಿ ಕ್ರಮಿಸಬೇಕಿತ್ತು.

ಯೂಕಾನ್ ಪ್ರದೇಶದ ವಿಸ್ತಾರ ಕರ್ನಾಟಕದ ಎರಡೂವರೆ ಪಟ್ಟು. ಜನಸಂಖ್ಯೆ ಮಾತ್ರ ೫೦,೦೦೦ವನ್ನು ಮುಟ್ಟದು; ನಮ್ಮ ಒಂದು ತಾಲೂಕು ಕೇಂದ್ರದಷ್ಟು ಜನ. ಅವರಲ್ಲಿಯೂ ಹೆಚ್ಚಿನವರು ವೈಟ್‌ಹಾರ್ಸಿನಲ್ಲಿಯೇ ಇದ್ದಾರೆ. ನದಿಯು ಕೆನಡಾದಲ್ಲಿ ಹುಟ್ಟಿ, ಅಲಾಸ್ಕಾವನ್ನು ಅಡ್ಡಹಾಯ್ದು, ೩,೦೦೦ ಕಿಲೋಮೀಟರಿಗೂ ಹೆಚ್ಚು ಹರಿದು ಬೇರಿಂಗ್ ಸಮುದ್ರವನ್ನು ಸೇರುತ್ತದೆ. ಇಷ್ಟು ಉದ್ದದ ನದಿಗೆ ವೈಟ್‌ಹಾರ್ಸಿನ ಹತ್ತಿರದ ಒಂದು ಕಟ್ಟೆಯನ್ನು ಬಿಟ್ಟರೆ ಬೇರೆ ಅಣೆಕಟ್ಟು ಇಲ್ಲವೆಂದರೆ, ಆಲಮಟ್ಟಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡ ನಮ್ಮ ಆತಿಥೇಯರಿಗೇ ಅಚ್ಚರಿ.

ನಾಲ್ಕು ದೋಣಿಗಳು, ಎಂಟು ಜನ. ಕ್ಯಾನೋ ಎಂಬ ಈ ದೋಣಿ ಉದ್ದವಾಗಿ, ಕಿರಿದಾಗಿ, ಮೇಲೆ ತೆರೆದುಕೊಂಡಿರುತ್ತದೆ. ಮುಂದೊಬ್ಬರು, ಹಿಂದೊಬ್ಬರು, ನಡುವೆ ಡೇರೆ, ಅಡಿಗೆಯ ಸಾಮಾನು, ಬಟ್ಟೆಬರೆ. ಮುಂದಿನವರದು ದುಡಿಮೆ, ಹಿಂದಿನವರದು ದಿಕ್ಕು. ಮಾರ್ಗದರ್ಶಿಗಳು ಇಬ್ಬರಿದ್ದರು. ಅವರಲ್ಲಿ ಹಿರಿಯಳು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ನಮ್ಮನ್ನು ತನ್ನ ದೋಣಿಯ ಮುಂದಿನ ಹಲಗೆಯ ಮೇಲೆ ಕೂರಿಸಿಕೊಂಡಳು. ಜರ್ಮನಿಯ ದಂಪತಿಗಳಿಬ್ಬರೂ ತಂಡದಲ್ಲಿದ್ದರು. ಅವರು ಪ್ರತಿ ಎರಡು ಮೂರು ವರ್ಷಕ್ಕೊಮ್ಮೆ ಈ ನದಿಗೆ ಬರುವವರಂತೆ. ಯಾತ್ರೆಗೆ ಹೋಗುವವರ ಮುಖದಲ್ಲಿರುವ ಗಾಂಭೀರ್ಯ ಅವರಲ್ಲಿತ್ತು.

ಹೊರಡುವ ಮೊದಲೇ ಒಂದು ಬಿಕ್ಕಟ್ಟು ತಲೆದೋರಿತು. ಎಲ್ಲರೂ ನೀರಿನಲ್ಲಿ ತೇಲಿಸುವ ದಪ್ಪ ಅಂಗಿಯನ್ನು ತೊಟ್ಟಾದ ಮೇಲೆ ಮಾರ್ಗದರ್ಶಿಯು ಒಬ್ಬೊಬ್ಬರನ್ನೂ ಪರೀಕ್ಷಿಸುತ್ತ ಬಂದವಳು ನಮ್ಮೆದುರು ನಿಂತು, ಕೊರಳಿನ ದಾರವನ್ನು ತೋರಿಸಿ, ಅದನ್ನು ತೆಗೆದಿಡಬೇಕೆಂದಳು. ದಡದ ಮರಗಳು ಬುಡಸಮೇತ ಕಿತ್ತು ಹೊಳೆಯ ಮೇಲೆ ಅಡ್ಡಲಾಗಿ ಚಾಚಿಕೊಂಡಿರುತ್ತವೆ. ದೋಣಿ ಮಗುಚಿದರೆ ಕೊರಳಿನ ದಾರ ಕೊಂಬೆಗೆ ಸಿಕ್ಕಿ ಉಸಿರು ಕಟ್ಟುತ್ತದೆ. ಆ ದಿನ ಮಧ್ಯಾಹ್ನವೇ ‘ಐದು ಬೆರಳು’ ಎಂಬ ರಭಸದ ಇಕ್ಕಟ್ಟನ್ನು ದಾಟುವುದಿತ್ತು.

ಇಷ್ಟಲಿಂಗವನ್ನು ಅಂಗದಿಂದ ಅಗಲಿಸುವ ಮಾತನ್ನು ನಾವು ಈ ವಯಸ್ಸಿನವರೆಗೆ ಕೇಳಿದವರಲ್ಲ. ಹೊಟ್ಟೆಯಲ್ಲಿ ತಳಮಳವಾಯಿತು. ಆತಿಥೇಯರು ಆಕೆಗೆ ಇಂಗ್ಲಿಷಿನಲ್ಲಿ ವಿವರಿಸಿ, ನಮ್ಮ ಕಡೆ ತಿರುಗಿ, “ಗುರುಗಳ, ನಿಮಗ ಬ್ಯಾಡ ಅನಿಸಿದ್ರ ಇಲ್ಲಿಂದನ ತಿರುಗಿ ಹೋಗೂಣ್ರಿ. ರೊಕ್ಕದ ವಿಚಾರ ಮಾಡಬ್ಯಾಡ್ರಿ” ಎಂದರು. ಆ ಹೆಣ್ಣುಮಗಳು ನಗಲಿಲ್ಲ, ಬೇಸರಿಸಲೂ ಇಲ್ಲ. “ಇದು ಮೈಮೇಲೆ ಇರಬೇಕೆಂಬುದು ನಿಯಮವೋ, ಕೊರಳಿನಲ್ಲಿಯೇ ಇರಬೇಕೆಂಬುದು ನಿಯಮವೋ?” ಎಂದಷ್ಟೇ ಕೇಳಿದಳು.

ಶಾಸ್ತ್ರ ಬಲ್ಲವರ ಪ್ರಶ್ನೆ! ಕೊರಳಲ್ಲದೆ ಕಕ್ಷ, ವಕ್ಷ, ಉತ್ತಮಾಂಗಗಳನ್ನೂ ಲಿಂಗಧಾರಣದ ಸ್ಥಾನಗಳೆಂದು ಹಿರಿಯರು ಹೇಳಿದ್ದಾರೆಂಬುದನ್ನು ನಾವು ನೂರಾರು ಸಭೆಗಳಲ್ಲಿ ವಿವರಿಸಿದ್ದುಂಟು. ನಮ್ಮ ಪಾಲಿಗೆ ಅದು ಬೇಕಾದಾಗ ಮರೆತುಹೋಗಿತ್ತು. ಮರದ ಮರೆಗೆ ಹೋಗಿ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಎದೆಯ ಮೇಲೆ ಬಿಗಿದು ಕಟ್ಟಿಕೊಂಡು, ಮೇಲೆ ಆ ದಪ್ಪ ಅಂಗಿಯನ್ನು ತೊಟ್ಟೆವು. ಬೆಳ್ಳಿಯ ಕರಡಿಗೆಯೂ ಶಿವದಾರವೂ ಉಳಿದವು. ಆ ಕರಡಿಗೆಯು ೧೯೮೨ರಲ್ಲಿ ನಮ್ಮ ವ್ಯಾಸಂಗ ಮುಗಿದ ದಿನ ನಮ್ಮ ಗುರುಗಳು ತಮ್ಮ ಕೈಯಾರೆ ಕೊಟ್ಟದ್ದು. ಅದನ್ನು ನೀರು ಹೊಗದ ಚೀಲದಲ್ಲಿಟ್ಟು ದೋಣಿಗೆ ಬಿಗಿದೆವು.

ಐದು ಬೆರಳಿನ ಇಕ್ಕಟ್ಟಿನಲ್ಲಿ ನಾಲ್ಕು ಬಂಡೆಗಳು ನದಿಯ ನಡುವೆ ಕಂಬಗಳಂತೆ ಎದ್ದುನಿಂತು ಪ್ರವಾಹವನ್ನು ಐದು ಸೀಳು ಮಾಡಿವೆ. ಬಲಗಡೆಯ ಸೀಳೊಂದೇ ಹಾದುಹೋಗಲು ಯೋಗ್ಯ. ಹಿಂದೆ ಈ ನದಿಯಲ್ಲಿ ಉಗಿಹಡಗುಗಳು ಓಡಾಡುತ್ತಿದ್ದ ಕಾಲದಲ್ಲಿ ಮೇಲ್ಮುಖವಾಗಿ ಬರುವ ಹಡಗುಗಳನ್ನು ಉಕ್ಕಿನ ಹಗ್ಗದಿಂದ ಎಳೆದು ಆ ಸೀಳಿನಿಂದಲೇ ದಾಟಿಸುತ್ತಿದ್ದರಂತೆ. ದೂರದಿಂದ ಅದರ ಮೊರೆತ ಕೇಳಿದಾಗಲೇ ನಮ್ಮ ಕೈಗಳು ಸಡಿಲಾದವು. “ಹುಟ್ಟು ಹಾಕುವುದನ್ನು ನಿಲ್ಲಿಸಬೇಡಿ, ನಿಲ್ಲಿಸಿದರೆ ದೋಣಿ ನನ್ನ ಮಾತು ಕೇಳುವುದಿಲ್ಲ” ಎಂದು ಹಿಂದಿನಿಂದ ಕೂಗಿದಳು. ಮೂರು ನಾಲ್ಕು ದೊಡ್ಡ ಅಲೆಗಳು ಮೂತಿಯನ್ನು ಎತ್ತಿ ಇಳಿಸಿದವು; ತಣ್ಣೀರು ಮುಖಕ್ಕೆ ಅಪ್ಪಳಿಸಿತು. ಅಷ್ಟೇ. ಒಂದು ನಿಮಿಷವೂ ಹಿಡಿಯಲಿಲ್ಲ. ಪಂಚಾಕ್ಷರಿಯನ್ನು ಎಷ್ಟು ಸಲ ಜಪಿಸಿದೆವೋ ಲೆಕ್ಕವಿಲ್ಲ; ಹುಟ್ಟನ್ನಂತೂ ನಿಲ್ಲಿಸಲಿಲ್ಲ.

ಮೊದಲ ಬೀಡಿನಲ್ಲಿ ಕರಡಿಯ ಪಾಠವಾಯಿತು. ವಾಸನೆಯುಳ್ಳ ಯಾವುದನ್ನೂ ಡೇರೆಯಲ್ಲಿ ಇಟ್ಟುಕೊಳ್ಳಬಾರದು. ರೊಟ್ಟಿ, ಚಟ್ನಿಪುಡಿ, ಹಲ್ಲುಜ್ಜುವ ಪೇಸ್ಟು, ಸಾಬೂನು, ಊದುಬತ್ತಿ, ಎಲ್ಲವೂ ಮುಚ್ಚಳ ಬಿಗಿದ ಪೀಪಾಯಿಗೆ ಸೇರಿ ಮಲಗುವ ಸ್ಥಳದಿಂದ ದೂರ ಹೋಗಬೇಕು. ನಮ್ಮ ವಿಭೂತಿಯ ಗಟ್ಟಿಯನ್ನೂ ಆಕೆ ಮೂಸಿ ನೋಡಿ, ಇದಕ್ಕೆ ದೋಷವಿಲ್ಲವೆಂದು ಮರಳಿಸಿದಳು. ಆ ಸಂಜೆ ಆತಿಥೇಯರ ಪತ್ನಿ ಮಗನಿಗೆ, “ಗುರುಗಳ ಕರಡಿಗೆ ಜೋಪಾನ, ಅಪ್ಪಿ” ಎಂದರು. ಪರದೇಶದಲ್ಲಿ ಹುಟ್ಟಿದ ಹುಡುಗ, ಮನೆಯ ಕನ್ನಡವಷ್ಟೇ ಬಲ್ಲವನು. “ಕರಡಿಗೆ ನಾವ್ಯಾಕ ಜೋಪಾನ ಮಾಡಬೇಕು? ಕರಡಿ ನಮಗ ಜೋಪಾನ ಮಾಡಲಿ” ಎಂದ. ನಮ್ಮ ನಗು ಎದುರು ದಡದವರೆಗೆ ಕೇಳಿಸಿರಬೇಕು. ಆ ರಾತ್ರಿ ಅವನನ್ನು ಹತ್ತಿರ ಕೂರಿಸಿಕೊಂಡು ಕರಡಿಗೆಯೆಂದರೇನು, ಸಜ್ಜೆಯೆಂದರೇನು, ಶಿವದಾರವೆಂದರೇನು ಎಂಬುದನ್ನು ತೋರಿಸಿ ತಿಳಿಸಿದೆವು. ಪರದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮ್ಮ ಮನೆತನಗಳು ಈ ಮಾತುಗಳನ್ನು ಬಳಕೆಯಲ್ಲಿ ಇಟ್ಟುಕೊಳ್ಳಲಿ ಎಂಬುದು ನಮ್ಮ ಬಿನ್ನಹ. ಮಾತು ಹೋದ ಮೇಲೆ ವಸ್ತು ಬಹಳ ದಿನ ಉಳಿಯದು.

‘ರಾತ್ರಿ’ ಎಂದೆವಲ್ಲ, ಅದು ಬಾಯಿಯ ರೂಢಿ. ಜುಲೈ ತಿಂಗಳಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಹನ್ನೊಂದು ಹನ್ನೆರಡರ ಹೊತ್ತಿಗೆ; ಐದರೊಳಗೆ ಮತ್ತೆ ಹಾಜರು. ನಡುವಿನ ಹೊತ್ತಿನಲ್ಲಿಯೂ ಕತ್ತಲೆಂಬುದಿಲ್ಲ, ನಮ್ಮ ಕಡೆಯ ಮುಂಬೆಳಗಿನಂಥ ಬೂದು ಬೆಳಕು. ಸಂಧ್ಯಾಕಾಲದ ಪೂಜೆಗೆ ಯಾವ ಸಂಜೆಗಾಗಿ ಕಾಯುವುದು? ಮೊದಲ ದಿನ ಸೂರ್ಯಾಸ್ತಕ್ಕೆಂದು ಕಾಯುತ್ತ ಕುಳಿತು ತೂಕಡಿಸಿಬಿಟ್ಟೆವು. ಎರಡನೆಯ ದಿನದಿಂದ ದೋಣಿಯನ್ನು ದಡಕ್ಕೆಳೆದು, ಮೈತೊಳೆದುಕೊಂಡು, ದುಡಿಮೆ ಮುಗಿದ ಹೊತ್ತೇ ಸಂಜೆಯೆಂದು ತಿಳಿದು ಪೂಜೆಗೆ ಕುಳಿತೆವು. ಬಿಲ್ವವಿಲ್ಲ, ದಡದ ತುಂಬ ಅರಳಿನಿಂತ ನೇರಳೆ-ಗುಲಾಬಿ ಬಣ್ಣದ ‘ಫೈರ್‌ವೀಡ್’ ಎಂಬ ಹೂ ಇತ್ತು. ಕಾಳ್ಗಿಚ್ಚಿನಿಂದ ಸುಟ್ಟ ನೆಲದಲ್ಲಿ ಮೊದಲು ಚಿಗುರುವ ಗಿಡವಾದ್ದರಿಂದ ಅದಕ್ಕೆ ಆ ಹೆಸರು. ಸೊಳ್ಳೆಗಳ ಕಾಟವನ್ನು ಮಾತ್ರ ವರ್ಣಿಸಲು ಹೋಗುವುದಿಲ್ಲ. ಅಂಗೈಯ ಲಿಂಗದಲ್ಲಿ ದೃಷ್ಟಿ ನಿಲ್ಲಿಸಿದವನ ಮೂಗಿನ ಮೇಲೆ ಸೊಳ್ಳೆ ಕುಳಿತಾಗ ಅವನ ನಿಷ್ಠೆಯ ಅಳತೆ ಸಿಗುತ್ತದೆ.

ಊಟಕ್ಕೆ ಕೊರತೆಯಾಗಲಿಲ್ಲ. ಊರಿಂದ ತಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ನಮ್ಮ ಜೊತೆಗಿದ್ದವು. ಅನ್ನ-ಬೇಳೆಯನ್ನು ಮಾರ್ಗದರ್ಶಿಗಳೇ ಬೇಯಿಸುತ್ತಿದ್ದರು. ನಾವು ಮಾಂಸ ಮುಟ್ಟುವವರಲ್ಲವೆಂದು ತಿಳಿದಂದಿನಿಂದ ನಮಗಾಗಿ ಒಂದು ಪಾತ್ರೆ, ಒಂದು ಸೌಟನ್ನು ಬೇರೆಯೇ ಇಟ್ಟರು. ನಮ್ಮ ದೋಣಿಯ ಆ ಹೆಣ್ಣುಮಗಳು ಎಲ್ಲರಿಗಿಂತ ಮೊದಲು ಏಳುತ್ತಿದ್ದಳು, ಎಲ್ಲರೂ ಉಂಡ ಮೇಲೆ ಉಣ್ಣುತ್ತಿದ್ದಳು. ಬಿಟ್ಟುಹೋಗುವಾಗ ಒಲೆಯ ಬೂದಿಯನ್ನೂ ಕೈಯಿಂದ ಮುಟ್ಟಿ, ತಣ್ಣಗಾದದ್ದನ್ನು ನೋಡಿಯೇ ದೋಣಿ ಹತ್ತುತ್ತಿದ್ದಳು. ಕಾಯಕವೆಂಬ ಮಾತನ್ನು ನಾವು ಆಕೆಗೆ ಹೇಳಿಕೊಡಬೇಕಾಗಿರಲಿಲ್ಲ.

ನದಿ ಕೊರೆದ ದಂಡೆಗಳಲ್ಲಿ, ಹುಲ್ಲಿನ ಬೇರುಗಳ ಸ್ವಲ್ಪ ಕೆಳಗೆ, ಸುಣ್ಣದಿಂದ ಎಳೆದಂತೆ ಒಂದು ಬಿಳಿಯ ಗೆರೆ ಮೈಲುಗಟ್ಟಲೆ ನಮ್ಮ ಜೊತೆಗೆ ಬಂದಿತು. ಅದು ಜ್ವಾಲಾಮುಖಿಯ ಬೂದಿ. ಅಲಾಸ್ಕಾದ ಚರ್ಚಿಲ್ ಪರ್ವತದ ಕಡೆ ಕ್ರಿಸ್ತಶಕ ಒಂಬತ್ತನೆಯ ಶತಮಾನದ ಮಧ್ಯದಲ್ಲಿ ಸಿಡಿದು ಈ ನಾಡಿನ ಮೇಲೆಲ್ಲ ಸುರಿದದ್ದು. ನಮ್ಮಲ್ಲಿ ನೃಪತುಂಗ ಆಳುತ್ತಿದ್ದ ಕಾಲ! ಆ ಗೆರೆಯ ಮೇಲೆ ಕಟ್ಟಿದ ಮಣ್ಣು ಒಂದು ಮೊಳವೂ ಇಲ್ಲದ ಕಡೆಗಳುಂಟು. ವಚನಕಾರರು ಬಾಳಿದ ಶತಮಾನವೂ ಆ ಮೊಳದೊಳಗೇ ಎಲ್ಲೋ ಇದೆ ಎಂದು ಹುಟ್ಟನ್ನು ತೊಡೆಯ ಮೇಲಿಟ್ಟು ಬಹಳ ಹೊತ್ತು ನೋಡಿದೆವು.

ಮೂರನೆಯ ದಿನ ಫೋರ್ಟ್ ಸೆಲ್ಕರ್ಕ್ ಮುಟ್ಟಿದೆವು. ಪೆಲ್ಲಿ ನದಿ ಯೂಕಾನನ್ನು ಕೂಡುವ ಸ್ಥಳವಿದು. ಎದುರು ದಡದಲ್ಲಿ ಕಪ್ಪು ಶಿಲೆಯ ಗೋಡೆಯೊಂದು ಕೋಟೆಯಂತೆ ಉದ್ದಕ್ಕೆ ಚಾಚಿದೆ. ಇತ್ತ ಹುಲ್ಲುಗಾವಲಿನಲ್ಲಿ ಮರದ ತೊಲೆಗಳ ಹಳೆಯ ಮನೆಗಳು, ಶಾಲೆ, ಇಗರ್ಜಿ. ಉತ್ತರ ಟುಚೋನಿ ಜನರ ಪ್ರಾಚೀನ ನೆಲೆ. ೧೮೪೮ರಲ್ಲಿ ರಾಬರ್ಟ್ ಕ್ಯಾಂಪ್‌ಬೆಲ್ ಎಂಬವನು ಹಡ್ಸನ್ ಬೇ ಕಂಪನಿಯ ಮಳಿಗೆಯನ್ನು ಇಲ್ಲಿ ಸ್ಥಾಪಿಸಿದ. ಕರಾವಳಿಯ ಚಿಲ್ಕಟ್ ಜನರ ವ್ಯಾಪಾರಕ್ಕೆ ಅದು ಅಡ್ಡಿಯಾಯಿತು. ೧೮೫೨ರಲ್ಲಿ ಅವರು ಬಂದು ಅದನ್ನು ಸೂರೆಮಾಡಿದರು. ಆಮೇಲೆ ಮತ್ತೆ ಊರು ಬೆಳೆಯಿತು. ೧೯೫೦ರ ದಶಕದಲ್ಲಿ ರಸ್ತೆ ಬೇರೆ ಕಡೆ ಹಾಯ್ದು, ಉಗಿಹಡಗುಗಳು ನಿಂತಾಗ ಜನ ಊರು ಬಿಟ್ಟರು. ಈಗಲೂ ಅಲ್ಲಿಗೆ ರಸ್ತೆಯಿಲ್ಲ. ಆ ಮೂಲನಿವಾಸಿಗಳೂ ಸರ್ಕಾರವೂ ಕೂಡಿ ಕಟ್ಟಡಗಳನ್ನು ಕಾಪಾಡುತ್ತಿದ್ದಾರೆ.

ಅಲ್ಲಿ ದಡದ ಮೇಲೆ ನಮ್ಮದೇ ವಯಸ್ಸಿನ ಒಬ್ಬ ಹಿರಿಯ ತಾಯಿ ಚಹಾ ಕಾಯಿಸುತ್ತಿದ್ದರು, ನಮಗೂ ಕೊಟ್ಟರು. ಪಕ್ಕದಲ್ಲಿ ಮೀನು ಒಣಹಾಕುವ ಮರದ ಚಪ್ಪರವಿತ್ತು. ಅದರ ಗಳುಗಳು ಬರಿದಾಗಿದ್ದವು, ಕೆಳಗೆ ಹುಲ್ಲು ಬೆಳೆದಿತ್ತು. ನಮ್ಮ ಆಹಾರನಿಯಮವನ್ನು ಕೇಳಿ ತಿಳಿದ ಆಕೆ, “ನಾವೂ ಈಗ ನಿಮ್ಮ ಹಾಗೆಯೇ” ಎಂದು ನಕ್ಕರು. ಆ ನಗೆಯಲ್ಲಿ ನೋವಿತ್ತು. ಚಿನೂಕ್ ಎಂಬ ದೊಡ್ಡ ಸಾಲ್ಮನ್ ಮೀನು ಸಮುದ್ರದಿಂದ ಈ ನದಿಯನ್ನೇರಿ, ದಾರಿಯಲ್ಲಿ ಏನನ್ನೂ ತಿನ್ನದೆ, ಸುಮಾರು ೩,೦೦೦ ಕಿಲೋಮೀಟರ್ ಈಜಿ, ತಾನು ಹುಟ್ಟಿದ ತೊರೆಯಲ್ಲಿಯೇ ಮೊಟ್ಟೆಯಿಟ್ಟು ಸಾಯುತ್ತದೆ. ನೀರು ಬಿಸಿಯಾಗುತ್ತಿರುವುದು, ರೋಗ, ಸಮುದ್ರದ ಬಲೆಗಳು, ಹಿಂದಿನ ಮಿತಿಮೀರಿದ ಬೇಟೆ, ಹೀಗೆ ಹಲವು ಕಾರಣಗಳಿಂದ ಅದರ ಸಂಖ್ಯೆ ಕುಸಿದಿದೆ. ೨೦೨೪ರ ಏಪ್ರಿಲಿನಲ್ಲಿ ಕೆನಡಾ ಮತ್ತು ಅಲಾಸ್ಕಾಗಳು ಏಳು ವರ್ಷ ಈ ನದಿಯಲ್ಲಿ ಚಿನೂಕನ್ನು ಹಿಡಿಯುವುದಿಲ್ಲವೆಂದು ಒಪ್ಪಂದ ಮಾಡಿಕೊಂಡವು. ಏಳು ವರ್ಷವೆಂದರೆ ಆ ಮೀನಿನ ಒಂದು ಪೀಳಿಗೆ. ಗಡಿ ದಾಟಿ ಬರುವ ಮೀನುಗಳ ಸಂಖ್ಯೆ ೭೧,೦೦೦ಕ್ಕೆ ಏರಬೇಕೆಂಬುದು ಗುರಿ. ಆದರೆ ಈ ಊರುಗಳ ಜನ ಅದಕ್ಕಿಂತ ಬಹಳ ಮೊದಲೇ ತಾವಾಗಿಯೇ ಬಲೆ ಮಡಚಿಟ್ಟಿದ್ದರೆಂದು ಆಕೆ ಹೇಳಿದರು. “ಮೊಮ್ಮಕ್ಕಳಿಗೆ ಮೀನು ಕೊಯ್ಯುವುದನ್ನು ಯಾವುದರ ಮೇಲೆ ಕಲಿಸಲಿ?” ಎಂಬುದು ಅವರ ಚಿಂತೆ.

ಅಹಿಂಸೆಯನ್ನು ಕುರಿತು ನಾವು ನಲವತ್ತು ವರ್ಷಗಳಿಂದ ಮಾತನಾಡುತ್ತ ಬಂದವರು. ಬರಿದಾದ ಆ ಚಪ್ಪರವನ್ನು ಕಂಡು ನಮಗೆ ಸಂತೋಷವಾಗಬೇಕಾಗಿತ್ತು, ಆಗಲಿಲ್ಲ. ಯಾಕೆ ಆಗಲಿಲ್ಲವೆಂಬುದನ್ನು ಇನ್ನೂ ಯೋಚಿಸುತ್ತಿದ್ದೇವೆ. ಓದುಗ ಬಂಧುಗಳಲ್ಲಿ ಕೆಲವರಿಗೆ ಈ ಮಾತು ರುಚಿಸದೆ ಹೋಗಬಹುದು. ಕಂಡದ್ದನ್ನು ಕಂಡಂತೆ ಬರೆಯುವುದು ಪ್ರವಾಸಿಗನ ಧರ್ಮ.

ನಾಲ್ಕನೆಯ, ಐದನೆಯ ದಿನಗಳು ಹುಟ್ಟು, ಮಳೆ, ಸ್ಪ್ರೂಸ್ ಮರಗಳ ಮೌನ, ಇಷ್ಟರಲ್ಲಿಯೇ ಕಳೆದವು. ಒಮ್ಮೆ ಕಪ್ಪು ಕರಡಿಯೊಂದು ದಡದಲ್ಲಿ ನಿಂತು ನಮ್ಮನ್ನು ನೋಡಿ, ಲೆಕ್ಕಕ್ಕಿಲ್ಲದವರೆಂದು ತೀರ್ಮಾನಿಸಿ ಪೊದೆ ಹೊಕ್ಕಿತು.

ಆರನೆಯ ದಿನ ವೈಟ್ ನದಿ ಎಡದಿಂದ ಬಂದು ಕೂಡಿತು. ಹಿಮನದಿಗಳು ಅರೆದ ಕಲ್ಲುಪುಡಿಯನ್ನೂ ಆ ಬೂದಿಯನ್ನೂ ಹೊತ್ತು ತರುವ ನದಿ. ಅಲ್ಲಿಂದ ಮುಂದೆ ಯೂಕಾನ್ ಹಾಲು ಬೆರೆಸಿದ ಚಹಾದ ಬಣ್ಣ. ದೋಣಿಯ ತಳಕ್ಕೆ ರೇವೆ ಉಜ್ಜಿ ‘ಸುಸ್ಸ್’ ಎಂಬ ಸಣ್ಣ ಸದ್ದು ಹಗಲೆಲ್ಲ ಕೇಳುತ್ತದೆ. ಬೆರಳನ್ನು ಅದ್ದಿದರೆ ಬೆರಳು ಕಾಣದು.

ನಾವು ಪ್ರತಿದಿನ ಬೀಡಿನಲ್ಲಿ ಕರಡಿಗೆಯನ್ನು ಹೊರತೆಗೆದು ಪೂಜೆ ಮುಗಿಸಿ, ಬೆಳಿಗ್ಗೆ ಮತ್ತೆ ಚೀಲಕ್ಕೆ ಸೇರಿಸುತ್ತಿದ್ದೆವು. ಆ ಬೆಳಿಗ್ಗೆ ಸೇರಿಸಲಿಲ್ಲ. ಇಕ್ಕಟ್ಟುಗಳೆಲ್ಲ ಮುಗಿದವು, ಇನ್ನೇನು ಭಯವೆಂದು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆವು. ಮಾರ್ಗದರ್ಶಿಗೆ ಹೇಳಲಿಲ್ಲ. ಹೇಳಿದರೆ ಬೇಡವೆನ್ನುವಳೆಂದು ಗೊತ್ತಿತ್ತು. ಮಧ್ಯಾಹ್ನ ಒಂದು ನಡುಗಡ್ಡೆಯಲ್ಲಿ ಇಳಿಯುವಾಗ, ಆಕೆ ದೋಣಿಯನ್ನು ಹಿಡಿದುಕೊಳ್ಳುವ ಮೊದಲೇ ನಾವು ಕಾಲು ಹೊರಗಿಟ್ಟೆವು. ಗಟ್ಟಿ ನೆಲವೆಂದುಕೊಂಡದ್ದು ಕೆಸರು. ಜಾರಿ ಸೊಂಟದವರೆಗೆ ನೀರಿಗೆ ಬಿದ್ದೆವು. ಚಳಿ ಎಷ್ಟೆಂದರೆ ಬಾಯಿಯಿಂದ ಶಬ್ದ ಹೊರಡಲಿಲ್ಲ. ಹೆಗಲ ಬಳಿ ಅಂಗಿಯನ್ನು ಹಿಡಿದು ಆಕೆ ಒಂದೇ ಸೆಳೆತಕ್ಕೆ ದಡಕ್ಕೆಳೆದಳು. ಆ ಬಾಗಿನಲ್ಲಿ ಜೇಬಿನಿಂದ ಬೆಳ್ಳಿಯ ಹೊಳಪೊಂದು ಜಾರಿದ್ದನ್ನು ನಾವು ಕಣ್ಣಾರೆ ಕಂಡೆವು. ಸದ್ದೂ ಆಗಲಿಲ್ಲ.

ಎದೆಯನ್ನು ಮುಟ್ಟಿ ನೋಡಿಕೊಂಡೆವು. ಲಿಂಗವಿತ್ತು.

ಹುಡುಗ ಬೂಟು ಕಳಚಿ ನೀರಿಗೆ ಧುಮುಕಲು ಹೊರಟಿದ್ದ. ಆಕೆ ಅವನ ರಟ್ಟೆ ಹಿಡಿದು ನಿಲ್ಲಿಸಿದಳು. ಮೊದಲು ಬೆಂಕಿ ಹಾಕಿಸಿ, ಒಣಬಟ್ಟೆ ತೊಡಿಸಿ, ಬಿಸಿನೀರು ಕುಡಿಸಿದಳು. ಏನು ಕಳೆಯಿತೆಂದು ಕೇಳಿದ್ದು ಆಮೇಲೆ. ಹೇಳಿದೆವು, ನಮ್ಮದೇ ತಪ್ಪೆಂದೂ ಹೇಳಿದೆವು. ಆಕೆ ಒಂದು ಕಠಿಣ ಮಾತನ್ನೂ ಆಡದೆ ಹುಟ್ಟುಗಳಿಂದ ಅರ್ಧ ಗಂಟೆ ಆ ಕೆಸರನ್ನು ತಡಕಿಸಿದಳು. ಹರಿವ ನೀರು, ಕಣ್ಣಿಗೆ ಕಾಣದ ತಳ. ಏನೂ ಸಿಗಲಿಲ್ಲ. ಬಂಗಾರಕ್ಕಾಗಿ ೧೮೯೮ರಲ್ಲಿ ಸಾವಿರಾರು ಜನ ದೋಣಿಗಳಲ್ಲಿ ಇಳಿದುಬಂದ ನದಿಗೆ ನಮ್ಮ ಪಾಲಿನ ಬೆಳ್ಳಿ ಸೇರಿತು.

ಆ ಸಂಜೆ ಲಿಂಗವಸ್ತ್ರವನ್ನು ಬೆಂಕಿಗೆ ಹಿಡಿದು ಒಣಗಿಸಿ, ಪೂಜೆ ಮುಗಿಸಿದೆವು. ನಿದ್ದೆ ಬರಲಿಲ್ಲ. ಗುರುಗಳು ಲಿಂಗೈಕ್ಯರಾಗಿ ಬಹಳ ವರ್ಷಗಳಾದವು; ಅವರ ಕೈಯ ಗುರುತಾಗಿ ಉಳಿದದ್ದು ಅದೊಂದೇ ಆಗಿತ್ತು.

ಎಂಟನೆಯ ದಿನ ಡಾಸನ್. ಕ್ಲಾಂಡೈಕ್ ನದಿ ಯೂಕಾನನ್ನು ಕೂಡುವಲ್ಲಿ ಈ ಊರಿದೆ. ಅದರ ಉಪನದಿಯೊಂದರಲ್ಲಿ ೧೮೯೬ರ ಆಗಸ್ಟಿನಲ್ಲಿ ಬಂಗಾರ ಸಿಕ್ಕಿ, ಎರಡೇ ವರ್ಷದಲ್ಲಿ ಸುಮಾರು ೩೦,೦೦೦ ಜನ ಇಲ್ಲಿ ನೆರೆದರಂತೆ. ಮೂಲನಿವಾಸಿಗಳು ಕ್ಲಾಂಡೈಕ್ ನದಿಗೆ ಇಟ್ಟ ಹೆಸರು ‘ಟ್ರೋಂಡೆಕ್’. ಮೀನು ತಡೆಯುವ ಗೂಟಗಳನ್ನು ಬಡಿಯುವ ಸುತ್ತಿಗೆಗಲ್ಲಿನಿಂದ ಬಂದದ್ದು. ಹೊರಗಿನವರ ಬಾಯಿಯಲ್ಲಿ ಅದು ‘ಕ್ಲಾಂಡೈಕ್’ ಆಯಿತು. ೨೦೨೩ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ತಾಣವೆಂದು ಘೋಷಿಸುವಾಗ ಆ ಮೂಲ ಹೆಸರನ್ನೇ ಮುಂದಿಟ್ಟಿತು.

ನದಿಯ ದಡದಲ್ಲಿ ಆ ಜನರದೇ ಒಂದು ಸಂಸ್ಕೃತಿ ಮಂದಿರವಿದೆ. ಅಲ್ಲಿ ಕೇಳಿದ ಕಥೆಯನ್ನು ಬರೆಯಲೆಂದೇ ನಾವು ಈ ಲೇಖನಕ್ಕೆ ಕೈಹಾಕಿದ್ದು. ಬಂಗಾರದ ಜನ ನುಗ್ಗಿ ಬಂದಾಗ ಇವರ ಮುಖಂಡನಾಗಿದ್ದವನು ಐಸಾಕ್. ಮೀನು ಹಿಡಿಯುವ ನೆಲೆ ಕೈಬಿಟ್ಟಿತು. ತನ್ನವರನ್ನು ಐದು ಕಿಲೋಮೀಟರ್ ಕೆಳಗಿನ ಮೂಸ್‌ಹೈಡ್ ಎಂಬಲ್ಲಿಗೆ ಕರೆದೊಯ್ದ. ಈ ನೂಕುನುಗ್ಗಲಿನಲ್ಲಿ ತಮ್ಮ ಹಾಡು-ಕುಣಿತಗಳು ಉಳಿಯಲಾರವೆಂದು ಆತ ಕಂಡುಕೊಂಡ. ಅವನ್ನು ಬಚ್ಚಿಡಲಿಲ್ಲ, ಅಲಾಸ್ಕಾದ ಬಂಧುಜನರಿಗೆ ಒಪ್ಪಿಸಿದ. ಹಾಡುಗಳನ್ನೂ ಕುಣಿತದ ಕೋಲನ್ನೂ ನೀವು ಇಟ್ಟುಕೊಳ್ಳಿ, ಹಾಡುತ್ತಿರಿ, ನಮ್ಮ ಮಕ್ಕಳು ಎಂದಾದರೂ ಕೇಳಲು ಬಂದಾಗ ಕೊಡಿ ಎಂಬುದು ಅದರ ತಾತ್ಪರ್ಯ. ಹತ್ತಿರ ಹತ್ತಿರ ನೂರು ವರ್ಷ ಆ ಹಾಡುಗಳು ಬೇರೆಯವರ ಕಂಠದಲ್ಲಿ ಬದುಕಿದವು. ಮಕ್ಕಳು ಕೇಳಲು ಹೋದರು, ಅವರು ಕೊಟ್ಟರು. ೧೯೯೩ರಿಂದ ಎರಡು ವರ್ಷಕ್ಕೊಮ್ಮೆ ಮೂಸ್‌ಹೈಡಿನಲ್ಲಿ ಎಲ್ಲರೂ ಸೇರುತ್ತಾರೆ, ಹಾಡುತ್ತಾರೆ.

ಕಲ್ಯಾಣದ ವಿಪ್ಲವದ ಮೇಲೆ ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ನಡೆದ ಶರಣರ ಕಥೆಯನ್ನು ನಮ್ಮ ಮನೆಗಳಲ್ಲಿ ಅರಿಯದವರಾರು? ಮನೆ ಮನೆಯ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ತಾಡೋಲೆಗಳನ್ನು ಫ. ಗು. ಹಳಕಟ್ಟಿಯವರು ಕೈಮುಗಿದು ಬೇಡಿ ತಂದು ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಅದನ್ನು ನಾವು ಆ ಯುವಕನಿಗೆ ಹೇಳಿದೆವು. ನಮ್ಮ ಹುಡುಗ ಇಂಗ್ಲಿಷಿನಲ್ಲಿ ತಿಳಿಸಿಕೊಟ್ಟ. ಯುವಕ ಕೇಳಿದ: “ಇಟ್ಟುಕೊಂಡವರು ಮರಳಿ ಕೊಟ್ಟರೇ?” ಹುಡುಗ ನಮ್ಮ ಮುಖ ನೋಡಿದ. ಕೊಟ್ಟರು ಎಂದೆವು.

ಹೋಗಬಯಸುವ ಬಂಧುಗಳಿಗೆ ಎರಡು ಮಾತು. ಜೂನ್‌ನಿಂದ ಸೆಪ್ಟೆಂಬರ್ ಆದಿಯವರೆಗೆ ಮಾತ್ರ ಸಕಾಲ. ಈಜು ಬಲ್ಲವರೂ ತೇಲುವ ಅಂಗಿಯನ್ನು ಕಳಚಬಾರದು. ನೀರಿನ ಚಳಿಗೆ ಈಜು ಮರೆತುಹೋಗುತ್ತದೆ. ಮಾರ್ಗದರ್ಶಿಯ ಮಾತನ್ನು ಮೀರಬೇಡಿ.

ಊರಿಗೆ ಮರಳಿದ ಮೇಲೆ ಸುದ್ದಿ ತಿಳಿದ ಶಿಷ್ಯರೊಬ್ಬರು ಹೊಸ ಬೆಳ್ಳಿಯ ಕರಡಿಗೆ ಮಾಡಿಸಿಕೊಡುವೆನೆಂದು ಪತ್ತಾರರನ್ನೇ ಮನೆಗೆ ಕರೆತಂದಿದ್ದರು. ಅಳತೆ ಕೇಳಿದರು. ನೋಡೋಣವೆಂದು ಹೇಳಿ ಕಳಿಸಿದ್ದೇವೆ. ಕ್ಯಾಲ್ಗರಿಯ ಹುಡುಗ ವಾರಕ್ಕೊಮ್ಮೆ ದೂರವಾಣಿಯಲ್ಲಿ ಮಾತಾಡುತ್ತಾನೆ. ಕಳೆದ ವಾರ, “ಅಜ್ಜಾರ, ವಸ್ತ್ರ ಹೆಂಗ ಕಟ್ಟಿಕೊಂಡ್ರಿ, ಇನ್ನೊಮ್ಮೆ ಹೇಳ್ರಿ” ಎಂದ. ಹೇಳಿದೆವು.